ಮೂರೂವರೆ ಅಂಚೆಯವರು

ಮೇಲಿನ ಶೀರ್ಷಿಕೆಯನ್ನು ಓದಿದ ಕೂಡಲೇ ನೀವು ನಕ್ಕಿರಿ, ಹೌದೋ ಅಲ್ಲವೋ? ಅಲ್ಲವೆನ್ನಬೇಡಿ. ಮೂವತ್ತೊಂದು ವರ್ಷ ತರಗತಿಯ ಎದುರು ನಿಂತವನಿಗೆ, ಪುಸ್ತಕದ ಮರೆಯಲ್ಲಿ ಯಾರು ನಗುತ್ತಿದ್ದಾರೆಂಬುದು ಬೋರ್ಡಿನ ಕಡೆ ತಿರುಗಿ ನಿಂತಾಗಲೂ ತಿಳಿಯುತ್ತದೆ. ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುವ ಹಕ್ಕು ನನಗಿಲ್ಲ, ಏಕೆಂದರೆ ನಾನೂ ನಕ್ಕವನೇ. ಅದೂ ತುಂಬಿದ ಪುರಸಭೆಯಲ್ಲಿ, ಎದ್ದು ನಿಂತು, ಶಲ್ಯ ಕೊಡವಿಕೊಂಡು. ನನ್ನ ಆ ನಗೆಯಿಂದ ಇನ್ನೊಬ್ಬರ ಮನೆಯ ಗೋಡೆಗೆ ಏನಾಗುವುದರಲ್ಲಿತ್ತು ಎಂಬುದನ್ನು ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರಿನಲ್ಲಿ ಒಂದು ಓಣಿಯನ್ನು ಒಬ್ಬ ಮನುಷ್ಯ ದಿನಕ್ಕೆ ಒಂದೇ ಸಲ ದಾಟಬಲ್ಲ. ಹೋದ ಓಣಿಯಲ್ಲಿ ಮರುದಿನದ ಸೂರ್ಯ ಹುಟ್ಟುವವರೆಗೆ ಹಿಂದಿರುಗಲಾಗದು. ಇದು ಪುರಸಭೆ ಮಾಡಿದ ನಿಯಮವಲ್ಲ. ಹಾಗಿದ್ದಿದ್ದರೆ ಯಾರೂ ಪಾಲಿಸುತ್ತಿರಲಿಲ್ಲ. ಎರಡನೆಯ ಸಲ ಓಣಿಯ ಬಾಯಿಯೊಳಗೆ ಕಾಲಿಟ್ಟರೆ ಹೆಜ್ಜೆಯೇನೋ ಮುಂದೆ ಬೀಳುತ್ತದೆ, ಆದರೆ ನೀವು ಹೊರಟ ಕಡೆಯೇ ನಿಂತಿರುತ್ತೀರಿ. ಹೊರಗಿನವರು ಮೂರು ನಾಲ್ಕು ಸಲ ಪ್ರಯತ್ನಿಸಿ, ಆಮೇಲೆ ಕುಳಿತುಕೊಳ್ಳಲು ಒಂದು ಸ್ಟೂಲು ಕೇಳುತ್ತಾರೆ. ನಾವು ಇದನ್ನು ಕುರಿತು ಮಾತಾಡುವುದೇ ಇಲ್ಲ. ಮನೆಯಲ್ಲಿ ಮರೆತ ಕೊಡೆ ಮನೆಯಲ್ಲಿಯೇ ಉಳಿಯುತ್ತದೆ. ಹೆಂಡತಿಯೊಡನೆ ಜಗಳವಾಡಿ ಧಡಧಡನೆ ಹೊರಟ ಗಂಡಸು ಬಾಗಿಲಲ್ಲಿ ನಿಂತು, ಹಿಂದಿರುಗಲು ಯಾವ ಓಣಿ ಉಳಿದಿದೆಯೆಂದು ಬೆರಳು ಮಡಚಿ, ಸಿಟ್ಟನ್ನು ನಾಳೆಗೆ ಮುಂದೂಡುತ್ತಾನೆ. ಹೆಣ್ಣು ಕೊಡುವವರು ವರನ ಜಾತಕಕ್ಕಿಂತ ಮೊದಲು ಕೇಳುವುದು, 'ಮನೆಗೆ ಎಷ್ಟು ಬಾಯಿ?' ಎಂದು. ಎರಡು ಓಣಿ ಬಂದು ಸೇರುವ ಮನೆಯಾದರೆ ದಿನಕ್ಕೆ ಒಂದು ಸಲ ಹೋಗಿ ಬರಬಹುದು. ನಾಲ್ಕಾದರೆ ಎರಡು ಸಲ. ಅಂಥವರನ್ನು ಊರು ಸಿರಿವಂತರೆಂದು ಎಣಿಸುತ್ತದೆ. ಒಂದೇ ಓಣಿಯಿದ್ದರೆ ಅದು ಒಂಟಿಬಾಯಿ ಮನೆ. ಅಲ್ಲಿಂದ ಹೊರಟವರು ಆ ದಿನ ಎಲ್ಲಿಯೋ ಚಾಪೆ ಹಾಸಿಕೊಂಡು ಮಲಗಿ, ಮರುದಿನ ಮನೆ ಸೇರಬೇಕು. ಅಂಥ ಮನೆಗಳ ಗಂಡಹೆಂಡಿರು ಹೊಸ್ತಿಲಲ್ಲಿ ಬೀಗದ ಕೈ ಬದಲಾಯಿಸಿಕೊಳ್ಳುವಾಗ ಎರಡು ಮಾತಾಡುತ್ತಾರೆ. ಅವರ ದಾಂಪತ್ಯ ಬಹಳ ಕಾಲ ಬಾಳುತ್ತದೆ.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡಬೇಕು. ನಮ್ಮಲ್ಲಿ ಪ್ರತಿಯೊಂದು ಓಣಿಯೂ ಒಬ್ಬರ ಹೆಸರಿನಲ್ಲಿರುತ್ತದೆ. ಹೆಸರು ಕೊಟ್ಟವರು ಅದನ್ನು ದಿನವೂ ಗುಡಿಸಬೇಕು. ತನ್ನ ಮನೆಗೆ ಬರುವ ಓಣಿಗೆ ತಾನೇ ಹೆಸರು ಕೊಡುವಂತಿಲ್ಲ, ಬೇರೆಯವರು ಕೊಡಬೇಕು. ಇಲ್ಲದಿದ್ದರೆ ಮನಸ್ಸಿಗೆ ಬಂದವರೆಲ್ಲ ಮನಸ್ಸಿಗೆ ಬಂದ ಕಡೆ ಗೋಡೆ ಒಡೆದಾರು. ಹೆಸರಿಲ್ಲದ ಓಣಿಯನ್ನು ಇಟ್ಟಿಗೆಯಿಟ್ಟು ಮುಚ್ಚುತ್ತಾರೆ. ಹೆಸರು ಕೊಟ್ಟೂ ಗುಡಿಸದವರು ಪೊರಕೆ ಹಿಡಿದು ಬಾವಿ ಚೌಕದಲ್ಲಿ ಒಂದು ಬೆಳಗು ಎಲ್ಲರಿಗೂ ಕಾಣುವಂತೆ ನಿಲ್ಲಬೇಕು. ಈ ದಂಡನೆಯನ್ನು ಸೂಚಿಸಿದವನು ನಾನೇ. ಆಗ ಅದು ಬಹಳ ಸೊಗಸಾಗಿ ಕಂಡಿತ್ತು.

ನಾನು ಶಾಲೆಯಲ್ಲಿ ಬಿಡಿಲೆಕ್ಕ ಕಲಿಸುತ್ತೇನೆ. ನೀರನ್ನು ಅಳೆಯುವ ಲೆಕ್ಕವಲ್ಲ, ಕೊಡಗಳನ್ನು ಎಣಿಸುವ ಲೆಕ್ಕ. ಯಾವುದು ಯಾವ ಗುಂಪಿಗೆ ಸೇರಿದ್ದು, ಯಾವುದನ್ನು ಎಷ್ಟು ಬಗೆಯಲ್ಲಿ ಸಾಲಾಗಿ ನಿಲ್ಲಿಸಬಹುದು, ಒಂದು ಮಾತು ನಿಜವಾದರೆ ಇನ್ನಾವ ಮಾತು ನಿಜವಾಗಲೇಬೇಕು, ಐದು ಗೂಟಕ್ಕೆ ಆರು ಚೀಲ ನೇತುಹಾಕಿದರೆ ಯಾವುದೋ ಒಂದು ಗೂಟ ಎರಡು ಚೀಲ ಹೊರಲೇಬೇಕು ಎಂಬಂಥ ವಿಷಯಗಳು. ಎಲ್ಲಕ್ಕಿಂತ ಹೆಚ್ಚಾಗಿ ಚುಕ್ಕಿ ಮತ್ತು ಗೆರೆಗಳ ಪಾಠ: ಓಣಿಗಳು ಸೇರುವ ಜಾಗ ಒಂದು ಚುಕ್ಕಿ, ಓಣಿ ಒಂದು ಗೆರೆ. ಬೇರೆ ಊರುಗಳಲ್ಲಿ ಮಕ್ಕಳು ಇದನ್ನು ಪರೀಕ್ಷೆಗಾಗಿ ಕಲಿಯುತ್ತಾರಂತೆ. ನಮ್ಮಲ್ಲಿ ಊಟದ ಹೊತ್ತಿಗೆ ಮನೆ ಸೇರುವುದಕ್ಕಾಗಿ ಕಲಿಯುತ್ತಾರೆ.

ಈ ವರ್ಷದವರೆಗೆ ನಮ್ಮಲ್ಲಿ ಕಾಗದಗಳನ್ನು ಮನೆಮನೆಗೆ ಹಂಚುತ್ತಿರಲಿಲ್ಲ. ಅಂಚೆಕಚೇರಿಯ ಕಟ್ಟೆಯ ಮೇಲೆ ಹರವಿಟ್ಟು ಕಲ್ಲು ಹೇರುತ್ತಿದ್ದರು, ಬೇಕಾದವರು ಹೆಕ್ಕಿಕೊಳ್ಳುತ್ತಿದ್ದರು. ಪುರಸಭೆಯ ಅಧ್ಯಕ್ಷರಾದ ಭುಜಂಗರಾಯರು ಇದು ನಾಗರಿಕತೆಗೆ ತಕ್ಕುದಲ್ಲವೆಂದು ತೀರ್ಮಾನಿಸಿ, ಪ್ರತಿ ಓಣಿಯಲ್ಲೂ ದಿನಕ್ಕೆ ಒಮ್ಮೆ ಅಂಚೆಯವನು ಹಾದುಹೋಗಬೇಕೆಂದರು. ಒಂದು ಓಣಿಗೆ ಇಬ್ಬರು ಅಂಚೆಯವರು ಹೋಗಕೂಡದೆಂದೂ ಕಟ್ಟುಮಾಡಿದರು, ಇಬ್ಬರು ಎದುರಾದರೆ ಹರಟೆಗೆ ನಿಲ್ಲುತ್ತಾರೆಂಬ ಕಾರಣದಿಂದ. ಹಾಗಾದರೆ ಒಟ್ಟು ಎಷ್ಟು ಅಂಚೆಯವರು ಬೇಕು? ಇದಕ್ಕೆ ಉತ್ತರ ಕಂಡುಹಿಡಿಯುವುದನ್ನು ನಾನು ನಾಲ್ಕನೆಯ ತರಗತಿಯಲ್ಲೇ ಕಲಿಸುತ್ತೇನೆ. ಎರಡೋ ನಾಲ್ಕೋ ಓಣಿ ಸೇರುವ ಜಾಗಕ್ಕೆ ಒಂದರಿಂದ ಬಂದರೆ ಇನ್ನೊಂದರಿಂದ ಹೊರಡಬಹುದು. ಅದು ಸರಿ ನೆಲೆ. ಒಂದೋ ಮೂರೋ ಐದೋ ಓಣಿ ಸೇರುವ ಜಾಗದಲ್ಲಿ ಒಂದು ಓಣಿ ಜೊತೆಯಿಲ್ಲದೆ ಉಳಿಯುತ್ತದೆ. ಅದು ಬೆಸ ನೆಲೆ. ಉಳಿದ ಆ ಓಣಿಯಿಂದಾಗಿ ಯಾರಾದರೊಬ್ಬ ಅಂಚೆಯವನ ನಡಿಗೆ ಅಲ್ಲಿ ಮೊದಲಾಗಬೇಕು, ಇಲ್ಲವೆ ಅಲ್ಲಿ ಮುಗಿಯಬೇಕು. ಒಬ್ಬನ ನಡಿಗೆಗೆ ಒಂದು ಮೊದಲು, ಒಂದು ಕೊನೆ. ಆದ್ದರಿಂದ ಎರಡು ಬೆಸ ನೆಲೆಗೆ ಒಬ್ಬ ಅಂಚೆಯವನು.

ಎಣಿಕೆಗೆ ನೇಮಕವಾದವನು ಇಂದುಧರ, ನನ್ನ ಹಳೆಯ ವಿದ್ಯಾರ್ಥಿ. ನೋಡಿದ್ದನ್ನು ಮಾತ್ರ ಬರೆಯುವವನು, ಬರೆದದ್ದನ್ನು ತಿದ್ದದವನು. ಹತ್ತೊಂಬತ್ತು ದಿನ ಊರೆಲ್ಲ ತಿರುಗಿ, ಪ್ರತಿ ನೆಲೆಯಲ್ಲಿ ನಿಂತು, ಎಷ್ಟು ಓಣಿಗಳ ಬಾಯಿ ಅಲ್ಲಿ ತೆರೆಯುತ್ತದೆಂದು ಗುರುತುಹಾಕಿ ತಂದ. ಆ ಪಟ್ಟಿಯನ್ನು ಭುಜಂಗರಾಯರು ಸಭೆಯಲ್ಲಿ ಓದಿದರು.

"ಬೆಸ ನೆಲೆಗಳು ಏಳು. ಎರಡಕ್ಕೆ ಒಬ್ಬನಂತೆ ಮೂರೂವರೆ ಅಂಚೆಯವರು. ಟೋಪಿಗಳು ಈಗಾಗಲೇ ಹೊಲಿದು ಬಂದಿವೆ" ಎಂದರು.

ಮೇಜಿನ ಮೇಲೆ ನೀಲಿ ಬಟ್ಟೆಯ ಮೂರು ಟೋಪಿಗಳಿದ್ದವು. ಅವುಗಳ ಪಕ್ಕದಲ್ಲಿ ಅರ್ಧ ಟೋಪಿಯಿತ್ತು. ದರ್ಜಿ ಶ್ರದ್ಧಾವಂತ, ಕತ್ತರಿಸಿದ ಅಂಚನ್ನೂ ಮಡಚಿ ಹೊಲಿದಿದ್ದ.

ನಾನು ನಕ್ಕದ್ದು ಆಗಲೇ. "ಅರ್ಧ ಮನುಷ್ಯನನ್ನು ಎಲ್ಲಿಂದ ತರುತ್ತೀರಿ ಸ್ವಾಮಿ?" ಎಂದೆ.

"ಮಧ್ಯಾಹ್ನದವರೆಗೆ ದುಡಿಯೋನು ಅಂತ ಅರ್ಥ, ಮೇಷ್ಟ್ರೇ. ಪಾಠ ಹೇಳೋರಿಗೆ ಇಷ್ಟು ಬಿಡಿಸಿ ಹೇಳಬೇಕೆ?"

"ನನ್ನ ಭಾವಮೈದ ಒಬ್ಬ ಇದಾನೆ," ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು, "ಅರ್ಧ ದಿನ ಅಂದ್ರೆ ಅವನಿಗೂ ಸ್ವಲ್ಪ ಜಾಸ್ತೀನೆ."

ಸಭೆ ನಗುವುದು ಮುಗಿಯಲೆಂದು ಕಾದು, ನಾನು ಇಂದುಧರನ ಕಡೆ ತಿರುಗಿದೆ. "ಒಟ್ಟು ಬಾಯಿಗಳು ಎಷ್ಟು?"

"ನಾನೂರ ಹನ್ನೊಂದು ಮೇಷ್ಟ್ರೇ. ಎರಡು ಸಲ ಎಣಿಸಿದೀನಿ."

"ಒಂದು ಓಣಿಗೆ ಎಷ್ಟು ಬಾಯಿ?"

"ಎರಡು. ಆ ಕಡೆ ಒಂದು, ಈ ಕಡೆ ಒಂದು."

"ಎರಡನ್ನು ಎಷ್ಟು ಸಲ ಕೂಡಿದರೆ ನಾನೂರ ಹನ್ನೊಂದು ಬರುತ್ತದೆ?"

ಅವನು ನಾಲ್ಕನೆಯ ತರಗತಿಯಲ್ಲಿ ಮಾಡುತ್ತಿದ್ದಂತೆಯೇ ಕೆಳದುಟಿ ಕಚ್ಚಿದ. "ಬರೋದಿಲ್ಲ" ಎಂದ.

"ಬಾಯಿಗಳ ಮೊತ್ತ ಸರಿಸಂಖ್ಯೆಯಾಗಲೇಬೇಕು. ಏಳು ಬೆಸಗಳನ್ನು ಕೂಡಿದರೆ ಬೆಸವೇ ಬರುತ್ತದೆ. ಆದ್ದರಿಂದ ಬೆಸ ನೆಲೆಗಳು ಆರಿರಬಹುದು, ಎಂಟಿರಬಹುದು, ಏಳು ಎಂದಿಗೂ ಆಗಲಾರವು. ಇದು ಯಾವ ಊರಿಗೂ ಸಲ್ಲುವ ಮಾತು. ಹಾಗಾದರೆ ಏನಾಗಿದೆ?"

"ಒಂದು ಬಾಯಿ ಎಲ್ಲೋ ಇದೆ. ನನ್ನ ಕಣ್ಣಿಗೆ ಬಿದ್ದಿಲ್ಲ."

"ಬಿದ್ದಿಲ್ಲ ಅಂದರೆ?" ಎಂದು ಭುಜಂಗರಾಯರು ಕನ್ನಡಕ ತೆಗೆದರು. "ಹತ್ತೊಂಬತ್ತು ದಿನ ತಿರುಗಿದರೂ ಬಿದ್ದಿಲ್ಲ ಅಂದರೆ, ಯಾರೋ ಮುಚ್ಚಿಟ್ಟಿದ್ದಾರೆ ಅಂತಲೋ?"

ನಾನು ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ಸತ್ಯ ನನ್ನ ಕಡೆ ಇರುವಾಗ ಕುಳಿತುಕೊಳ್ಳುವುದು ನನಗೆ ಕಷ್ಟ. "ಮುಚ್ಚಿಟ್ಟಿದ್ದಾರೆ" ಎಂದೆ. ಊರೆಲ್ಲ ಒಂದು ಕಟ್ಟಳೆಗೆ ತಲೆಬಾಗಿ ಬದುಕುತ್ತಿರುವಾಗ ಒಬ್ಬರು ಮಾತ್ರ ಗುಟ್ಟಾಗಿ ಬಾಗಿಲು ತೆರೆದಿಟ್ಟುಕೊಳ್ಳುವುದು ಎಂಥ ಅನ್ಯಾಯವೆಂದು ಇಪ್ಪತ್ತು ನಿಮಿಷ ವಿವರಿಸಿದೆ. ಒಂಟಿಬಾಯಿ ಮನೆಯವರ ತಾಳ್ಮೆಯನ್ನು ಕೊಂಡಾಡುತ್ತ, ಉದಾಹರಣೆಗೆಂದು ನಮ್ಮ ಶಾಲೆಯ ಅಡುಗೆಯ ಹೊಂಬಾಳಮ್ಮನ ಹೆಸರನ್ನೂ ಎತ್ತಿದೆ: ಬಾವಿ ಚೌಕದಾಚೆಯ ಒಂಟಿಬಾಯಿ ಮನೆಯವಳು, ಕಣ್ಣು ಕಾಣದ ಅಕ್ಕನನ್ನು ನೋಡಿಕೊಳ್ಳುವವಳು, ಒಂದು ದಿನವೂ ಗೊಣಗದವಳು. ಚಪ್ಪಾಳೆ ಬಿತ್ತು. ಎಂಟು ದಿನದೊಳಗೆ ಆ ಬಾಯಿಯನ್ನು ಹುಡುಕತಕ್ಕದ್ದು, ಓಣಿಗೆ ಹೆಸರಿಲ್ಲವಾದರೆ ಇಟ್ಟಿಗೆಯಿಟ್ಟು ಮುಚ್ಚತಕ್ಕದ್ದು ಎಂದು ತೀರ್ಮಾನವಾಯಿತು. ಹುಡುಕುವ ಹೊಣೆ ನನಗೂ ಇಂದುಧರನಿಗೂ ಬಂತು.

ಹುಡುಕಲು ಊರು ಸುತ್ತಬೇಕಾಗಿರಲಿಲ್ಲ. ಮರುದಿನ ಮಧ್ಯಾಹ್ನ ಊಟ ಮುಗಿಸಿ ಶಾಲೆಯ ಪಡಸಾಲೆಯಲ್ಲಿ ಹುಣಿಸೆಬೀಜಗಳನ್ನು ಹರಡಿಕೊಂಡು ಕುಳಿತೆವು. ಒಂದು ಬಾಯಿಗೆ ಒಂದು ಬೀಜ. ಇಂದುಧರ ಪಟ್ಟಿ ನೋಡಿ ಓಣಿಯ ಹೆಸರು ಹೇಳುವುದು, ನಾನು ಅದರ ಎರಡು ಬೀಜಗಳನ್ನು ಜೋಡಿಮಾಡಿ ಬದಿಗಿಡುವುದು. ಇನ್ನೂರ ಐದು ಜೋಡಿ ಬದಿಗೆ ಹೋದ ಮೇಲೆ ನೆಲದ ಮೇಲೆ ಒಂದೇ ಬೀಜ ಉಳಿಯಿತು.

"ಇದು ಯಾವುದು?" ಎಂದೆ.

ಇಂದುಧರ ಪಟ್ಟಿಯ ಮೇಲೆ ಬೆರಳಾಡಿಸಿದ. "ಮೇಷ್ಟ್ರೇ, ಇದು ನಮ್ಮ ಶಾಲೆದೇ. ಶಾಲೆಗೆ ನಾಲ್ಕು ಬಾಯಿ ಬರೆದಿದೀನಿ. ಮುಂದೆ ಒಂದು, ಬಾವಿ ಕಡೆ ಒಂದು, ಉಪ್ಪಿನ ಪೇಟೆ ಕಡೆ ಒಂದು. ನಾಲ್ಕನೇದು ಅಡುಗೆಮನೆ ಹಿಂದೆ, ತಗಡು ಒರಗಿಸಿದೆಯಲ್ಲ, ಅಲ್ಲಿ."

ಅಡುಗೆಮನೆಯಲ್ಲಿ ಹಂಡೆ ತಿಕ್ಕುವ ಸದ್ದು ನಿಂತಿತು.

ಆ ತಗಡನ್ನು ನಾನು ವರ್ಷಾನುಗಟ್ಟಲೆ ನೋಡಿದ್ದೆ. ಹೊಂಬಾಳಮ್ಮ ಒಲೆಯ ಬೂದಿ ಸುರಿಯುವ ಜಾಗವೆಂದು ತಿಳಿದಿದ್ದೆ. ಇಂದುಧರನನ್ನು ಅಲ್ಲಿಯೇ ಕುಳ್ಳಿರಿಸಿ, ಹೋಗಿ ತಗಡು ಸರಿಸಿದೆ. ಶಾಲೆಯ ಗೋಡೆಗೂ ಕುಂಬಾರರ ಗೋಡೆಗೂ ನಡುವೆ, ಒಬ್ಬರು ಓರೆಯಾಗಿ ನಡೆದರೆ ಹಿಡಿಸುವಷ್ಟು ಓಣಿ. ಎಲೆ, ಬೂದಿ, ಮಡಕೆಚೂರು, ಯಾರೂ ಗುಡಿಸಿದ್ದಲ್ಲ. ಇನ್ನೂರು ಹೆಜ್ಜೆ ನಡೆದ ಮೇಲೆ ಮೊಣಕಾಲು ಯಾವುದಕ್ಕೋ ಬಡಿಯಿತು. ಅದು ಬಿದಿರಿನ ಕಣಜ. ಅದರ ಆಚೆ ಒಂದು ಅಡುಗೆಮನೆ.

"ಇವತ್ತು ಬೇಗ ಬಂದೆಯಲ್ಲೇ ಹೊಂಬಾಳು" ಎಂದಿತು ಒಳಗಿನ ದನಿ. ಮರುಕ್ಷಣವೇ, "ಹೆಜ್ಜೆ ನಿಂದಲ್ಲ. ಯಾರದು?"

"ನಾನು. ಶಾಲೆಯ ಮೇಷ್ಟ್ರು."

"ಓ, ತುಪ್ಪದ ಮೇಷ್ಟ್ರಾ? ಬನ್ನಿ, ಬನ್ನಿ. ಕಣಜ ಎಡಕ್ಕೆ ತಳ್ಳಿ, ಬಲಕ್ಕೆ ತಳ್ಳಿದ್ರೆ ಮೇಲಿನ ಹಪ್ಪಳದ ಡಬ್ಬ ಬೀಳುತ್ತೆ."

ಹೊಂಬಾಳಮ್ಮನ ಅಕ್ಕ ಗಿರಿಯಮ್ಮ ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತಿದ್ದಳು. ನನ್ನನ್ನು ಏಕೆ ಹಾಗೆ ಕರೆದಳೆಂದು ತಿಳಿಯಲಿಲ್ಲ. ಕುಳಿತೆ. ಅವಳು ತಾನಾಗಿಯೇ ಮಾತಾಡಿದಳು. ತಂಗಿ ದಿನವೂ ಸಂಜೆ ಇದೇ ದಾರಿಯಲ್ಲಿ ಬರುತ್ತಾಳಂತೆ. ಬಂದು ಶಾಲೆಯಲ್ಲಿ ಯಾವ ಮಗು ಎಷ್ಟು ಮುದ್ದೆ ಉಂಡಿತೆಂದು ಹೇಳುತ್ತಾಳಂತೆ. "ಒಂದು ದಿನ ಬಿಟ್ಟು ಒಂದು ದಿನ ಬರೋ ಹಾಗಿದ್ರೆ ನಾನು ಆ ಬಾವಿ ಪಾಲೇ ಆಗ್ತಿದ್ದೆ ಮೇಷ್ಟ್ರೇ. ನೀರು ಸೇದಕ್ಕೆ ಹೋಗಿ ಅಂತಿದೀನಿ, ಬೇರೆ ಅರ್ಥ ಮಾಡ್ಕೋಬೇಡಿ" ಎಂದು ತನ್ನಷ್ಟಕ್ಕೆ ನಕ್ಕಳು.

ಆಗ ನಾನು, ಬಿಡಿಲೆಕ್ಕ ಕಲಿಸುವ ನಾನು, ಮಾಡಬೇಕಾಗಿದ್ದ ಒಂದು ಲೆಕ್ಕವನ್ನು ಮೊಟ್ಟಮೊದಲ ಸಲ ಮಾಡಿದೆ. ಹೊಂಬಾಳಮ್ಮನದು ಒಂಟಿಬಾಯಿ ಮನೆ. ಒಂಟಿಬಾಯಿ ಮನೆಯಿಂದ ಬೆಳಗ್ಗೆ ಹೊರಟವರು ಆ ದಿನ ಮನೆ ಸೇರಲಾರರು. ಮನೆ ಸೇರದವರು ಮರುದಿನ ಬೆಳಗ್ಗೆ ಮನೆಯಿಂದ ಹೊರಡಲಾರರು. ಆದರೆ ಇಪ್ಪತ್ತೆರಡು ವರ್ಷ, ರಜೆಯ ದಿನ ಬಿಟ್ಟು ದಿನವೂ ಬೆಳಗ್ಗೆ, ಅವಳು ಬಾವಿ ಕಡೆಯ ಓಣಿಯಿಂದ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಶಾಲೆಗೆ ಬಂದದ್ದನ್ನು ನಾನು ಗೇಟಿನಲ್ಲಿ ನಿಂತು ನೋಡಿದ್ದೆ. ನಮಸ್ಕಾರಕ್ಕೆ ತಲೆ ಆಡಿಸಿದ್ದೆ. ನಾನೂರ ಹನ್ನೊಂದು ಬಾಯಿಗಳ ಮೊತ್ತ ಕೇಳಿ ಅರೆಗಳಿಗೆಯಲ್ಲಿ ತಪ್ಪು ಹಿಡಿದವನಿಗೆ, ಅವಳು ಬಡಿಸಿದ್ದನ್ನು ಇಪ್ಪತ್ತೆರಡು ವರ್ಷ ಉಣ್ಣುವಾಗ ಈ ಮೂರು ಸಾಲಿನ ತರ್ಕ ಹೊಳೆದಿರಲಿಲ್ಲ. ಉಂಡ ಮೇಲೆ ಎಲೆ ಎತ್ತಿ ಹೋಗುವವಳು ಎಲ್ಲಿಗೆ ಹೋಗುತ್ತಾಳೆ ಎಂಬುದು ನನಗೆ ಲೆಕ್ಕವಾಗಿಯೇ ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಕಣಜದ ಹಿಂದಿನಿಂದ ಹೊಂಬಾಳಮ್ಮ ಬಂದಳು. ಹಂಡೆ ತಿಕ್ಕಿದ ಕೈ ಇನ್ನೂ ಒದ್ದೆಯಿತ್ತು.

"ಅಂತೂ ಬಂದ್ರಿ" ಎಂದಳು.

"ಇದು ನನಗೆ ಗೊತ್ತಿರಲಿಲ್ಲ ಹೊಂಬಾಳಮ್ಮ."

ಅವಳು ನನ್ನ ಮುಖವನ್ನೇ ನೋಡಿದಳು. ತಮಾಷೆಯೋ ಎಂದು ಪರೀಕ್ಷಿಸಿದಂತಿತ್ತು. "ಗೊತ್ತಿರ್ಲಿಲ್ವ? ದಿನಾ ಬೆಳಿಗ್ಗೆ ಗೇಟಲ್ಲಿ ನಿಂತು ನೋಡ್ತಿದ್ರಲ್ಲ. ಲೆಕ್ಕದ ಮೇಷ್ಟ್ರು ನೀವು. ಗೊತ್ತಿದ್ದೂ ಬಾಯಿ ಬಿಡದ ದೊಡ್ಡ ಮನುಷ್ಯರು ಅಂದ್ಕೊಂಡು ಬಂದೀನಿ ಇಷ್ಟು ವರ್ಷ."

"ಇಲ್ಲ."

"ಮತ್ತೆ ಅಪ್ಪ ನಿಮ್ಮ ಹತ್ರ ಬಂದಿದ್ದು? ಅಕ್ಕನ ಕಣ್ಣು ಹೋದ ವರ್ಷ. ಓಣಿಗೆ ಒಂದು ಹೆಸರು ಕೊಡಿ ಅಂತ ಊರೆಲ್ಲ ಸುತ್ತಿದ್ರು. ಎಲ್ಲರೂ ಆಗಲ್ಲ ಅಂದ್ರು. ನೀವೊಬ್ರೇ 'ನೋಡೋಣ' ಅಂದ್ರಂತೆ. ಅಪ್ಪ ಕುಣಿದಾಡ್ಕೊಂಡು ಬಂದು, ಮೇಷ್ಟ್ರು ಮಾತು ಕೊಟ್ರು ಅಂತ ಅವತ್ತೇ ಗೋಡೆ ಒಡೆದ್ರು. ಮಾರನೇ ತಿಂಗಳು ಹೋಗಿಬಿಟ್ರು ಪಾಪ. ಹೆಸರು ಬರೆಸಿದ್ರೋ ಇಲ್ವೋ ಅಂತ ನಿಮ್ಮನ್ನ ಕೇಳೋ ಧೈರ್ಯ ನನಗೆಲ್ಲಿಂದ ಬರ್ಬೇಕು. ಸುಮ್ನೆ ಒಂದು ಮಿಳ್ಳೆ ತುಪ್ಪ ಜಾಸ್ತಿ ಹಾಕ್ತಿದ್ದೆ."

ಇಲ್ಲಿ ಒಂದು ಮಾತನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು. ಇತರ ಶಿಕ್ಷಕರ ಅನ್ನದ ಮೇಲೆ ಒಂದು ಮಿಳ್ಳೆ ತುಪ್ಪ ಬೀಳುತ್ತಿತ್ತು, ನನ್ನ ಅನ್ನದ ಮೇಲೆ ಎರಡು. ಅದನ್ನು ನಾನು ಗಮನಿಸಿರಲಿಲ್ಲವೆಂದಲ್ಲ. ವಿದ್ಯೆಗೆ ಜನಸಾಮಾನ್ಯರು ಸಲ್ಲಿಸುವ ಗೌರವವೆಂದು ಭಾವಿಸಿದ್ದೆ. ಮನೆಯಲ್ಲಿ ಹೆಂಡತಿಗೆ ಹಾಗೆಂದು ಹೇಳಿಯೂ ಇದ್ದೆ. ಆ ಮುದುಕ ಬಂದದ್ದು ನನಗೆ ನೆನಪಿರಲಿಲ್ಲ. ಆದರೆ 'ನೋಡೋಣ' ಎಂದಿರುತ್ತೇನೆ ಎಂಬುದರಲ್ಲಿ ಸಂಶಯವಿರಲಿಲ್ಲ. ಬಾಗಿಲಿಗೆ ಬಂದವರನ್ನು ಬೈಯದೆ ಕಳಿಸಲು ನಾವೆಲ್ಲ ಹೇಳುವ ಮಾತು ಅದು. ಮಾತು ಕೊಟ್ಟು ತಪ್ಪಬಾರದೆಂಬ ವಿಷಯದ ಮೇಲೆ ಪ್ರತಿ ಸೋಮವಾರ ಪ್ರಾರ್ಥನೆಯ ನಂತರ ಭಾಷಣ ಮಾಡುತ್ತಿದ್ದವನು ನಾನು.

"ಈಗ ಗೋಡೆ ಮುಚ್ತಾರಾ?" ಎಂದು ಹೊಂಬಾಳಮ್ಮ ಕೇಳಿದಳು. "ಸುಳ್ಳು ಹೇಳಿ ಅಂತ ಕೇಳಲ್ಲ. ನಿಮ್ಮ ಬಾಯಲ್ಲಿ ಅದು ಬರಲ್ಲ ಅಂತ ಗೊತ್ತು. ಮುಚ್ಚೋದಾದ್ರೆ ಮೊದಲೇ ತಿಳಿಸಿ, ಅಡುಗೆ ಕೆಲಸ ಬಿಟ್ಟು ಅಕ್ಕನ ಜೊತೆ ಕೂತ್ಕೋತೀನಿ. ಮಕ್ಕಳಿಗೆ ಯಾರಾದ್ರೂ ಗೊತ್ತುಮಾಡ್ಬೇಕಲ್ಲ."

"ಅವನಿಗೆ ಯಾಕೆ ಹೇಳ್ತೀಯೇ, ನನ್ನ ಕೇಳು" ಎಂದಳು ಗಿರಿಯಮ್ಮ, ಬತ್ತಿ ಹೊಸೆಯುತ್ತಲೇ. "ನೀನು ದಿನವಿಡೀ ಜೊತೇಲಿ ಕೂತ್ರೆ ನಿನ್ನ ಮಾತು ಕೇಳಿ ನನಗೆ ಕಿವೀನೂ ಹೋಗುತ್ತೆ."

"'ಅವನಿಗೆ' ಅಲ್ಲಕ್ಕ, ಅವರಿಗೆ. ಮೇಷ್ಟ್ರು."

"ಇರ್ಲಿ ಬಿಡು, ನನಗೇನು ಮೀಸೆ ಕಾಣುತ್ತಾ."

ನಾನು ಅವರ ಮುಂಬಾಗಿಲಿನಿಂದ ಹೊರಟು, ಬಾವಿ ಚೌಕದ ಮೇಲೆ ಸುತ್ತಿಕೊಂಡು ಮನೆ ಸೇರಿದೆ. ಬಹಳ ದೂರದ ದಾರಿ. ಅಷ್ಟು ದೂರವಿದ್ದರೂ ನನಗೆ ಮನೆ ಸೇರಲು ಒಂದು ದಾರಿ ಇದೆ ಎಂಬುದು ಪ್ರತಿ ತಿರುವಿನಲ್ಲಿಯೂ ನೆನಪಾಯಿತು.

ಎಂಟನೆಯ ದಿನ ಸಭೆ ಸೇರಿತು. "ಬಾಯಿ ಸಿಕ್ಕಿತೆ?" ಎಂದರು ಭುಜಂಗರಾಯರು. "ಸಿಕ್ಕಿತು" ಎಂದೆ, ಎಲ್ಲಿ ಎಂಬುದನ್ನೂ ಹೇಳಿದೆ. ಹಿಂದಿನ ಸಭೆಯಲ್ಲಿ ಯಾರ ತಾಳ್ಮೆಯನ್ನು ಕೊಂಡಾಡಿದ್ದೆನೋ ಅವಳದೇ ಮನೆಯೆಂದು ಕೇಳಿ ಕೆಲವರು ನಕ್ಕರು. ನಗಲು ಅವರಿಗೆ ಪೂರ್ಣ ಹಕ್ಕಿತ್ತು.

"ಹೆಸರಿಲ್ಲದ ಓಣಿ. ಮುಚ್ಚಿಸಿ" ಎಂದರು ಅಧ್ಯಕ್ಷರು.

"ಹೆಸರಿದೆ. ನನ್ನದು. ಇಪ್ಪತ್ತೆರಡು ವರ್ಷದ ಹಿಂದೆ ಮಾತು ಕೊಟ್ಟೆ. ಬರೆಸಲಿಲ್ಲ, ಗುಡಿಸಲೂ ಇಲ್ಲ. ತಪ್ಪು ಓಣಿಯದಲ್ಲ, ನನ್ನದು. ಗುಡಿಸದವನಿಗೆ ಏನು ದಂಡನೆಯೆಂದು ನಿಮ್ಮ ಪುಸ್ತಕದಲ್ಲಿದೆ. ನನ್ನ ಅಕ್ಷರದಲ್ಲೇ ಇದೆ" ಎಂದೆ. ಆಮೇಲೆ ಮತ್ತೆ ಇಪ್ಪತ್ತು ನಿಮಿಷ ಮಾತಾಡಿದೆ: ಉಣಬಡಿಸುವವರ ಕಷ್ಟ, ಉಣ್ಣುವವರ ಕುರುಡುತನ, ಕೊಟ್ಟ ಮಾತಿನ ಬೆಲೆ. ನನ್ನ ಜೀವಮಾನದ ಅತ್ಯುತ್ತಮ ಭಾಷಣವೆಂದು ಈಗಲೂ ನನ್ನ ನಂಬಿಕೆ. ಭುಜಂಗರಾಯರು ಮೇಜಿನ ಮೇಲಿನ ನೊಣವನ್ನು ನೋಡುತ್ತಿದ್ದರು.

"ಬರವಣಿಗೆಯಲ್ಲಿಲ್ಲದ ಮಾತು ನಡೆಯೋದಿಲ್ಲ ಮೇಷ್ಟ್ರೇ" ಎಂದರು ಕೊನೆಗೆ.

ಆಗ ಇಂದುಧರ ಎದ್ದು ನಿಂತ. "ಸ್ವಾಮಿ, ಒಂದು ಲೆಕ್ಕ. ಓಣಿ ಮುಚ್ಚಿದ್ರೆ ಅವರ ಮನೆಗೆ ಒಂದೇ ಬಾಯಿ ಉಳಿಯುತ್ತೆ, ಅದು ಬೆಸ. ಶಾಲೆಗೆ ನಾಲ್ಕರ ಬದಲು ಮೂರಾಗುತ್ತೆ, ಅದೂ ಬೆಸ. ಮಿಕ್ಕ ಆರು ಇದ್ದೇ ಇವೆ. ಒಟ್ಟು ಎಂಟು. ನಾಲ್ಕು ಜನ ಅಂಚೆಯವರು ಬೇಕು. ಟೋಪಿ ಇರೋದು ಮೂರೂವರೆ. ನಾಲ್ಕು ತಲೆಗೆ ಮೂರು ಟೋಪಿ ಹಂಚಿದ್ರೆ, ಯಾವುದೋ ಒಂದು ತಲೆ ಮೇಲೆ ಅರ್ಧ ಟೋಪಿ ಇಡ್ಲೇಬೇಕು. ಊರೆಲ್ಲ ಅದನ್ನ ಹಾಕ್ಕೊಂಡೇ ತಿರುಗ್ತಾನೆ ಅವನು."

ಭುಜಂಗರಾಯರು ಅರ್ಧ ಟೋಪಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಅದನ್ನು ಹೊಲಿಸಿದವರು ಯಾರೆಂದು ನೋಡಿದವರೆಲ್ಲ ಕೇಳುತ್ತಾರೆಂಬುದು ಅವರಿಗೆ ಹೊಳೆದಿರಬೇಕು. "ತೆರೆದೇ ಇದ್ದರೆ?"

"ಎರಡೂ ಸರಿ ನೆಲೆ ಆಗ್ತವೆ. ಬೆಸ ನೆಲೆ ಆರು. ಮೂರೇ ಜನ, ಮೂರೇ ಟೋಪಿ."

"ಮೇಷ್ಟ್ರ ಹೆಸರು ಬರೆದುಕೊಳ್ಳಿ" ಎಂದರು ಭುಜಂಗರಾಯರು.

ನ್ಯಾಯಕ್ಕೆ ಕರಗದ ಮನುಷ್ಯ ಟೋಪಿಗೆ ಕರಗಿದರೆಂದು ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇದನ್ನು ಇಂದುಧರನಿಗೆ ಹೇಳಿದಾಗ ಅವನು, "ಒಂದೇ ಉತ್ತರಕ್ಕೆ ಎರಡು ದಾರಿ ಇರ್ಬಹುದು ಅಂತ ನೀವೇ ಹೇಳಿಕೊಟ್ಟಿದ್ದಲ್ವ ಮೇಷ್ಟ್ರೇ" ಎಂದ. ಕಲಿಸಿದ್ದು ಹೀಗೆ ಹಿಂದಿರುಗಿ ಬಂದಾಗ ಸುಮ್ಮನಿರುವುದನ್ನು ಮಾತ್ರ ಯಾರೂ ನನಗೆ ಕಲಿಸಿರಲಿಲ್ಲ.

ಮರುದಿನ ಬೆಳಗ್ಗೆ ಪೊರಕೆ ಹಿಡಿದು ಬಾವಿ ಚೌಕದಲ್ಲಿ ನಿಂತೆ. ನನ್ನ ಶಾಲೆಯ ಮಕ್ಕಳೆಲ್ಲ ಆ ದಿನ ಏಕೋ ಅದೇ ದಾರಿಯನ್ನು ಆರಿಸಿಕೊಂಡಿದ್ದರು. "ನಮಸ್ಕಾರ ಮೇಷ್ಟ್ರೇ" ಎಂದು ಎಲ್ಲರೂ ಬಹಳ ವಿನಯದಿಂದ ಹೇಳಿದರು. ಅಷ್ಟು ವಿನಯವನ್ನು ತರಗತಿಯಲ್ಲಿ ನಾನು ಕಂಡಿರಲಿಲ್ಲ. ಅಂದಿನಿಂದ ದಿನವೂ ಗುಡಿಸುತ್ತಿದ್ದೇನೆ. ಮುಂದಿನ ಬಾಯಿಯಿಂದ ಶಾಲೆಗೆ ಬಂದು, ಹಿಂದಿನ ಓಣಿಯನ್ನು ಗುಡಿಸಿಕೊಂಡು ಗಿರಿಯಮ್ಮನ ಅಡುಗೆಮನೆಗೆ ಹೋಗಿ, ಅವರ ಮುಂಬಾಗಿಲಿನಿಂದ ಬಾವಿ ಕಡೆಯ ಓಣಿ ಹಿಡಿದು ಶಾಲೆಗೆ ಬಂದು, ಸಂಜೆ ಉಪ್ಪಿನ ಪೇಟೆಯ ಕಡೆಯಿಂದ ಮನೆಗೆ ಹೋಗುತ್ತೇನೆ. ನಾಲ್ಕು ಬಾಯಿಗಳೂ ಸರಿಯಾಗಿ ಮುಗಿಯುತ್ತವೆ. ಅಂಚೆಯವನೂ ದಿನವೂ ಆ ಅಡುಗೆಮನೆಯನ್ನು ಹಾದುಹೋಗುತ್ತಾನೆ. ಗಿರಿಯಮ್ಮನಿಗೆ ಇದುವರೆಗೆ ಒಂದು ಕಾಗದವೂ ಬಂದಿಲ್ಲ. ಆದರೆ ಚೀಲದಲ್ಲಿರುವ ವಿಳಾಸಗಳನ್ನೆಲ್ಲ ಓದಿ ಹೇಳದೆ ಅವನನ್ನು ಅವಳು ಮುಂದಕ್ಕೆ ಬಿಡುವುದಿಲ್ಲ. ಅರ್ಧ ಟೋಪಿಯನ್ನು ಹೊಂಬಾಳಮ್ಮ ಕೇಳಿ ಪಡೆದಳು. ಬಿಸಿ ಹಂಡೆ ಇಳಿಸಲು ಅದು ಹೇಳಿಮಾಡಿಸಿದಂತಿದೆ.

ಓಣಿಗೆ ಹೆಸರು ಬರೆದ ದಿನದ ಮಧ್ಯಾಹ್ನ ನಾವು ಎಂದಿನಂತೆ ಸಾಲಾಗಿ ಊಟಕ್ಕೆ ಕುಳಿತೆವು. ಹೊಂಬಾಳಮ್ಮ ತುಪ್ಪ ಬಡಿಸುತ್ತ ಬಂದಳು. ನನ್ನ ಅನ್ನದ ಮೇಲೆ ಒಂದು ಮಿಳ್ಳೆ ಹಾಕಿದಳು. ಎರಡನೆಯದನ್ನು ತುಂಬಿಕೊಂಡ ಕೈ ಒಂದು ಕ್ಷಣ ನನ್ನ ಎಲೆಯ ಮೇಲೆ ನಿಂತು, ಮುಂದಿನ ಎಲೆಗೆ ಹೋಯಿತು. ನಾನು ತಲೆಯೆತ್ತಿದೆ. "ಇನ್ನು ಎಲ್ಲರಷ್ಟೇ ಮೇಷ್ಟ್ರೇ. ಮಾತು ಉಳಿಸ್ಕೊಂಡ್ರಲ್ಲ, ಬಾಕಿ ಏನಿಲ್ಲ" ಎಂದಳು. ಇಪ್ಪತ್ತೆರಡು ವರ್ಷಗಳಲ್ಲಿ ನನಗೆ ಸಲ್ಲಬೇಕಾದಷ್ಟನ್ನೇ ನಾನು ಉಂಡ ಮೊದಲ ಊಟ ಅದು. ಅನ್ನ ಸ್ವಲ್ಪ ಒಣಗಿತ್ತು. ಪೂರ್ತಿ ಉಂಡೆ.

ನಿಮ್ಮ ಊರಿನ ಓಣಿಗಳು ನಮ್ಮಂತಿಲ್ಲವೆಂದು ಬಲ್ಲೆ. ಬೇಕೆಂದಾಗ ಹೋಗಿ ಬೇಕೆಂದಾಗ ಬರುವವರು ನೀವು. ಆದರೂ ಒಂದು ಕೆಲಸ ಮಾಡಿ. ಇವತ್ತು ನಿಮಗೆ ಊಟ ಬಡಿಸಿದವರು, ನಿಮ್ಮ ಕಚೇರಿಯ ನೆಲ ಒರೆಸಿದವರು, ನಿಮ್ಮ ಮಗುವನ್ನು ಶಾಲೆಯ ಗೇಟಿನಲ್ಲಿ ಇಳಿಸಿದವರು, ಅವರಲ್ಲಿ ಒಬ್ಬರನ್ನು ಇವತ್ತೇ ಸಂಜೆ ನಿಲ್ಲಿಸಿ, ಮನೆಗೆ ಯಾವ ದಾರಿಯಲ್ಲಿ ಹೋಗುತ್ತೀರಿ ಎಂದು ಕೇಳಿ. 'ಹೀಗೇ' ಎಂದು ಕೈ ತೋರಿಸಿದರೆ ಅಷ್ಟಕ್ಕೆ ಬಿಡಬೇಡಿ. ಓಣಿಯ ಬಾಯಿಯವರೆಗೆ ಜೊತೆಗೆ ನಡೆಯಿರಿ. ಅವರು ಏನಾದರೂ ಕೇಳಿದರೆ, ದಯವಿಟ್ಟು, 'ನೋಡೋಣ' ಎನ್ನಬೇಡಿ.